ಗೆಳೆಯರೆಲ್ಲ ಸೇರಿ ಒಂದು ಡ್ರೋನ್ ಕೊಳ್ಳುವುದು: ಎಲ್ಲಿ ಹಾರಿಸಬಹುದು, ಯಾರು ಹಾರಿಸಬೇಕು?

ಹಿನ್ನೀರಿನವ

ಎಲ್ಲರಿಗೂ ನಮಸ್ಕಾರ. ನಾವು ಸಾಗರದ ಕಡೆಯ ಐದು ಜನ ಗೆಳೆಯರು. ಇಬ್ಬರು ಮೇಷ್ಟ್ರು, ಒಬ್ಬನದು ಮೆಡಿಕಲ್ ಅಂಗಡಿ, ಒಬ್ಬ ತೋಟ ನೋಡಿಕೊಂಡಿದ್ದಾನೆ, ನಾನು ಸಹಕಾರ ಸಂಘದಲ್ಲಿ ಗುಮಾಸ್ತ. ಎಲ್ಲರೂ ಸಮನಾಗಿ ಹಣ ಹಾಕಿ ಕ್ಯಾಮೆರಾ ಇರುವ ಒಂದು ಸಣ್ಣ ಡ್ರೋನ್ ಕೊಳ್ಳಬೇಕೆಂದಿದ್ದೇವೆ. ವ್ಯಾಪಾರದ ಉದ್ದೇಶವಿಲ್ಲ. ಭಾನುವಾರ ಬೆಳಿಗ್ಗೆ ಎಲ್ಲಾದರೂ ಬಯಲಿಗೆ ಹೋಗಿ ಹಾರಿಸುವುದು, ನಮ್ಮ ಊರನ್ನು ಮೇಲಿನಿಂದ ನೋಡುವುದು, ಅಷ್ಟೇ.

ತೋಟದ ಗೆಳೆಯ ತನ್ನ ಭಾವನ ಡ್ರೋನನ್ನು ಒಮ್ಮೆ ತಂದಿದ್ದ. ಅದರಲ್ಲಿ ನಮ್ಮ ಗದ್ದೆಬಯಲನ್ನು ನೋಡಿದ ಮೇಲೆ ಎಲ್ಲರಿಗೂ ಹುಚ್ಚು ಹಿಡಿದಿದೆ. ಆದರೆ ಅಂದೇ ಒಂದು ಜಗಳವೂ ಆಯಿತು. ರಿಮೋಟ್ ಹಿಡಿದವನು ಕೊನೆಯ ತನಕ ಬಿಡಲಿಲ್ಲ, ಉಳಿದವರು ಅವನ ಹೆಗಲ ಮೇಲಿಂದ ಇಣುಕುತ್ತ ನಿಂತಿದ್ದಷ್ಟೇ. ಕೇಳಬೇಕಾದ್ದು ಇಷ್ಟು:

ಲೈಸೆನ್ಸ್ ಬೇಕೇ? ಶರಾವತಿ ಹಿನ್ನೀರಿನ ಮೇಲೆ ಕಟ್ಟಿ 2025ರ ಜುಲೈನಲ್ಲಿ ಉದ್ಘಾಟನೆಯಾದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯನ್ನು ಮೇಲಿನಿಂದ ಚಿತ್ರೀಕರಿಸುವ ಆಸೆ ಎಲ್ಲರಿಗೂ ಇದೆ, ಅಲ್ಲಿ ಹಾರಿಸಬಹುದೇ? ಐದು ಜನರ ನಡುವೆ ಒಂದೇ ಡ್ರೋನ್ ಇಟ್ಟುಕೊಂಡು ಸ್ನೇಹ ಕೆಡದಂತೆ ನಡೆಸಿದವರು ಯಾರಾದರೂ ಇದ್ದೀರಾ?

ನಕ್ಷೆಗಾರ

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಈಗ ಜಾರಿಯಲ್ಲಿರುವುದು 2021ರ ಆಗಸ್ಟ್ 25ರಂದು ಹೊರಬಂದ ಡ್ರೋನ್ ನಿಯಮಗಳು. ಅದರಲ್ಲಿ ತೂಕವೇ ಎಲ್ಲವನ್ನೂ ನಿರ್ಧರಿಸುತ್ತದೆ. 250 ಗ್ರಾಂ ತನಕ ನ್ಯಾನೋ, ಅಲ್ಲಿಂದ 2 ಕೆ.ಜಿ. ತನಕ ಮೈಕ್ರೋ, 25 ಕೆ.ಜಿ. ತನಕ ಸ್ಮಾಲ್. ನ್ಯಾನೋ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ. ಮೈಕ್ರೋವನ್ನು ಹಣಕ್ಕಾಗಿ ಅಲ್ಲದೆ ಹವ್ಯಾಸಕ್ಕೆ ಹಾರಿಸಿದರೂ ಬೇಡ. 2022ರ ಫೆಬ್ರವರಿಯ ತಿದ್ದುಪಡಿಯ ನಂತರ ಅದಕ್ಕೆ 'ಲೈಸೆನ್ಸ್' ಎನ್ನುವ ಹೆಸರೂ ಇಲ್ಲ, ಪ್ರಮಾಣಪತ್ರ ಎನ್ನುತ್ತಾರೆ.

ಆದರೆ ಪ್ರಮಾಣಪತ್ರ ಬೇಡ ಎಂದರೆ ನಿಯಮವೇ ಇಲ್ಲ ಎಂದಲ್ಲ. ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಿದ್ದಾರೆ. ಡಿಜಿಟಲ್ ಸ್ಕೈ ಜಾಲತಾಣದಲ್ಲಿ ನಕ್ಷೆ ಇದೆ. ಹಸಿರು ಪ್ರದೇಶದಲ್ಲಿ ನೆಲದಿಂದ 120 ಮೀಟರ್, ಅಂದರೆ 400 ಅಡಿ ತನಕ ಅನುಮತಿ ಕೇಳಬೇಕಾಗಿಲ್ಲ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ದೂರದ ಪಟ್ಟಿಯಲ್ಲಿ ಆ ಮಿತಿ 60 ಮೀಟರ್‌ಗೆ ಇಳಿಯುತ್ತದೆ. ಕೆಂಪಿನಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ನಿಯಮ ಮುರಿದರೆ ದಂಡ 1 ಲಕ್ಷ ರೂಪಾಯಿ ತನಕ ಹೋಗಬಹುದು.

ಪ್ರತಿ ಸಲ ಹೊರಡುವ ಮುನ್ನ ನಕ್ಷೆ ನೋಡಿ. ಹೋದ ವರ್ಷ ನೋಡಿದ್ದೇನೆ ಎಂದುಕೊಂಡು ಕೂರಬೇಡಿ.

ಸೊಗಾನೆ ನೆರೆಯವ

ನಕ್ಷೆಗಾರರು ಹೇಳಿದ ಕೊನೆಯ ಮಾತಿಗೆ ನಾವೇ ಸಾಕ್ಷಿ. 2023ರ ಫೆಬ್ರವರಿಯಲ್ಲಿ ಸೊಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅದಕ್ಕೂ ಮೊದಲು ಶಿವಮೊಗ್ಗದ ಸುತ್ತ ಯಾರೂ ಇಷ್ಟು ಯೋಚಿಸುತ್ತಿರಲಿಲ್ಲ. ಈಗ ನಗರದಲ್ಲಿ ಹಾರಿಸುವ ಮಾತೆತ್ತುವ ಮೊದಲೇ ನಕ್ಷೆ ತೆರೆಯಬೇಕು. ಇದನ್ನು ಹೇಳಿದರೆ 'ಒಂದು ನಿಮಿಷ ಅಷ್ಟೇ' ಎನ್ನುವವರು ಇನ್ನೂ ಇದ್ದಾರೆ. ವಿಮಾನ ಇಳಿಯಲು ತೆಗೆದುಕೊಳ್ಳುವುದೂ ಅಷ್ಟೇ ಹೊತ್ತು.

ಒಂಟಿ ಪಯಣಿಗ

ಐದು ಜನ, ಒಂದು ಡ್ರೋನ್. ಆಗದ ಮಾತು. ಹಣ ಕೂಡಿಡಿ, ಒಬ್ಬೊಬ್ಬರೂ ಒಂದೊಂದು ಕೊಳ್ಳಿ.

ಅಡಿಕೆ ಸಾಲು

ಗುಮಾಸ್ತರ ಸಂಬಳದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಎಂದು ಹೇಳುವುದು ಸುಲಭ ಮಾರಾಯರೇ.

ಚಾರಣಿಗ, ಹಾಸನ

ಹಿನ್ನೀರಿನವರೇ, ಆ ಒಂಟಿ ಪಯಣಿಗರ ಮಾತನ್ನು ಬದಿಗಿಡಿ. ನಮ್ಮದು ನಾಲ್ವರ ತಂಡ. ಒಂದೇ ಡ್ರೋನ್, ವರ್ಷಗಳಿಂದ ಹಾರಿಸುತ್ತಿದ್ದೇವೆ. ನಿಮ್ಮ ಗೆಳೆಯರು ರಿಮೋಟ್ ಹಿಡಿದವನ ಹೆಗಲ ಮೇಲಿಂದ ಇಣುಕುತ್ತ ನಿಂತಿದ್ದರು ಎಂದಿರಲ್ಲ, ತೊಂದರೆ ಇರುವುದು ಅಲ್ಲಿಯೇ. ಎಲ್ಲರೂ ಪರದೆ ನೋಡಿದರೆ ಆಕಾಶ ನೋಡುವವರು ಯಾರು?

ನಮ್ಮಲ್ಲಿ ಹಾರಿಸುವವನ ಪಕ್ಕದಲ್ಲಿ ಇನ್ನೊಬ್ಬ ನಿಂತೇ ಇರಬೇಕು. ಅವನು ಪರದೆಯ ಕಡೆ ತಿರುಗಿಯೂ ನೋಡುವಂತಿಲ್ಲ. ಅವನ ಕಣ್ಣು ಡ್ರೋನ್ ಮೇಲೆ, ಬಾಯಿ ಹಾರಿಸುವವನ ಕಿವಿಯ ಹತ್ತಿರ. 'ಎಡಕ್ಕೆ ತಂತಿ ಇದೆ', 'ಹದ್ದು ಬರುತ್ತಿದೆ', 'ನನಗೆ ಕಾಣಿಸುತ್ತಿಲ್ಲ, ಹತ್ತಿರ ತಾ' ಎಂದು ಹೇಳುತ್ತಲೇ ಇರುತ್ತಾನೆ. ಅವನು 'ಇಳಿಸು' ಎಂದರೆ ಪ್ರಶ್ನೆ ಕೇಳದೆ ಇಳಿಸಬೇಕು. ಚರ್ಚೆಯೆಲ್ಲ ನೆಲಕ್ಕೆ ಬಂದ ಮೇಲೆ. ಒಂದು ಬ್ಯಾಟರಿ ಮುಗಿದ ಕೂಡಲೇ ಪಾಳಿ ಬದಲು. ನೋಡುತ್ತಿದ್ದವನು ಹಾರಿಸುತ್ತಾನೆ, ಹಾರಿಸಿದವನು ಕುಳಿತು ಚಹಾ ಕುಡಿಯುತ್ತಾನೆ, ಮೂರನೆಯವನು ನೋಡಲು ಬರುತ್ತಾನೆ.

ಇದನ್ನು ಶಿಸ್ತಿಗಾಗಿ ಹೇಳುತ್ತಿಲ್ಲ. ಕಾಲು ಕೆ.ಜಿ.ಯ ಬೂದು ಬಣ್ಣದ ಯಂತ್ರ ಇನ್ನೂರು ಮುನ್ನೂರು ಮೀಟರ್ ದಾಟಿದರೆ ಮೋಡದ ಹಿನ್ನೆಲೆಯಲ್ಲಿ ಒಂದು ಚುಕ್ಕೆ. ಕಣ್ಣು ಒಮ್ಮೆ ಪರದೆಗೆ ಹೋಗಿ ಮತ್ತೆ ಆಕಾಶಕ್ಕೆ ಬಂದರೆ ಅದನ್ನು ಹುಡುಕುವಷ್ಟರಲ್ಲಿ ಎಷ್ಟೋ ಆಗಿಹೋಗಿರುತ್ತದೆ. ಕಣ್ಣಿಗೆ ಕಾಣುವಷ್ಟು ದೂರದಲ್ಲಿಯೇ ಹಾರಿಸಬೇಕು ಎನ್ನುವುದು ನಿಯಮವೂ ಹೌದು. ಒಬ್ಬನೇ ಇದ್ದಾಗ ಅದನ್ನು ಪೂರ್ತಿ ಪಾಲಿಸುವುದು ಕಷ್ಟ. ಗೆಳೆಯರಿದ್ದರೆ ಸಲೀಸು. ಜೊತೆಯಲ್ಲಿ ಹಾರಿಸುವುದರ ದೊಡ್ಡ ಲಾಭವೇ ಇದು ಎಂದು ನಾನು ನಂಬಿದ್ದೇನೆ.

ಒಂಟಿ ಪಯಣಿಗ

ಹೊಸ ಡ್ರೋನ್‌ಗಳಲ್ಲಿ ಸುತ್ತಲೂ ಸೆನ್ಸರ್ ಇರುತ್ತವೆ. ಅಡ್ಡ ಏನಾದರೂ ಬಂದರೆ ತಾನೇ ನಿಲ್ಲುತ್ತದೆ. ಸಿಗ್ನಲ್ ಹೋದರೆ ತಾನೇ ಮನೆಗೆ ಬರುತ್ತದೆ. ಇನ್ನೊಬ್ಬನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುವುದು ಹಳೆಯ ಕಾಲದ ಮಾತು. ನಾನು ಕೊಡಗಿನಲ್ಲಿ, ಚಿಕ್ಕಮಗಳೂರಿನಲ್ಲಿ ಒಬ್ಬನೇ ಹಾರಿಸಿದ್ದೇನೆ, ಏನೂ ಆಗಿಲ್ಲ.

ಬೆಸುಗೆ ಕಡ್ಡಿ

ಸೆನ್ಸರ್‌ಗೆ ವಿದ್ಯುತ್ ತಂತಿ ಕಾಣುವುದಿಲ್ಲ. ಎಲೆ ಉದುರಿದ ಮರದ ತೆಳು ರೆಂಬೆಯೂ ಬಹಳ ಸಲ ಕಾಣುವುದಿಲ್ಲ. ಇದನ್ನು ತಯಾರಕರೇ ಕೈಪಿಡಿಯಲ್ಲಿ ಎಚ್ಚರಿಸಿರುತ್ತಾರೆ.

ಕೆಳಗೆ ನೋಡುವ ಕ್ಯಾಮೆರಾಗೆ ನೀರಿನ ಮೇಲೆ ಹಿಡಿತವೇ ಸಿಗುವುದಿಲ್ಲ. ನೀರು ಅಲುಗುತ್ತದೆ, ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಆಗ ಡ್ರೋನ್ ತನ್ನ ಜಾಗವನ್ನೂ ಎತ್ತರವನ್ನೂ ತಪ್ಪಾಗಿ ಲೆಕ್ಕ ಹಾಕಬಹುದು. ಹಿನ್ನೀರಿನ ಮೇಲೆ ಹಾರಿಸುವವರು ಒಂದೆರಡು ಮೀಟರ್ ಎತ್ತರದಲ್ಲಿ ನೀರು ಸವರಿಕೊಂಡು ಹೋಗುವ ಆಸೆಯನ್ನು ಬಿಡಬೇಕು.

ಶಿರಸಿ ತೋಟ

'ತಾನೇ ಮನೆಗೆ ಬರುತ್ತದೆ' ಎಂದ ಕೂಡಲೇ ನಮ್ಮೂರಿನ ಕಥೆ ಹೇಳಲೇಬೇಕು.

ನೆರೆಮನೆಯ ಹುಡುಗ ಬೆಂಗಳೂರಿನಿಂದ ಬಂದವನು ತೋಟದ ಅಂಚಿನ ಗದ್ದೆಯಿಂದ ಡ್ರೋನ್ ಹಾರಿಸಿದ. ಸಿಗ್ನಲ್ ಕಡಿದುಹೋಯಿತು. ಯಂತ್ರ ಹೇಳಿದ ಹಾಗೆಯೇ ಮರಳಿ ಬರಲು ಹೊರಟಿತು. ಆದರೆ ಮರಳುವ ಎತ್ತರವನ್ನು 20 ಮೀಟರ್‌ಗೆ ಇಡಲಾಗಿತ್ತು. ನಮ್ಮ ಹಳೆಯ ಅಡಿಕೆ ಮರಗಳು ಅದಕ್ಕಿಂತ ಎತ್ತರ. ಸೀದಾ ಬಂದು ಒಂದು ಮರದ ಹೆಡೆಯ ಸಂದಿಯಲ್ಲಿ ಸಿಕ್ಕಿಕೊಂಡಿತು. ದೀಪ ಮಿನುಗುತ್ತಿದೆ, ಬೀಪ್ ಎನ್ನುತ್ತಿದೆ, ಕೆಳಗೆ ಬರುವುದಿಲ್ಲ.

ಮಳೆಗಾಲದ ಶುರು, ಮರವೆಲ್ಲ ಪಾಚಿ ಕಟ್ಟಿ ಜಾರುತ್ತಿತ್ತು. ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡ ಬರಲಾರೆ ಎಂದ, ಅವನು ಹೇಳಿದ್ದು ಸರಿಯೇ. ಕಡೆಗೆ ಅಡಿಕೆ ಕೊಯ್ಯಲು ತಂದಿದ್ದ ಕಾರ್ಬನ್ ಫೈಬರ್ ದೋಟಿ ಹೊರಬಂತು. ಒಂದೊಂದೇ ತುಂಡನ್ನು ಎಳೆದು ಅರುವತ್ತು ಅಡಿಗೆ ಏರಿಸಿ, ತುದಿಯ ಕತ್ತಿ ಬಿಚ್ಚಿ ಅಲ್ಲಿ ಬಟ್ಟೆ ಸುತ್ತಿ, ಹೆಡೆಯನ್ನು ಪಕ್ಕಕ್ಕೆ ಸರಿಸಿದೆವು. ಕೆಳಗೆ ಇಬ್ಬರು ಕಂಬಳಿ ಹಿಡಿದು ನಿಂತಿದ್ದರು. ಡ್ರೋನ್ ಕಂಬಳಿಗೇ ಬಿತ್ತು. ಎರಡು ರೆಕ್ಕೆ ಮುರಿದಿದ್ದವು, ಉಳಿದದ್ದೆಲ್ಲ ಸರಿಯಿತ್ತು.

ಮಲೆನಾಡಿನಲ್ಲಿ ಹಾರಿಸುವವರು ಮರಳುವ ಎತ್ತರವನ್ನು ಸುತ್ತಲಿನ ಅತಿ ಎತ್ತರದ ಮರಕ್ಕಿಂತ ಹತ್ತು ಹದಿನೈದು ಮೀಟರ್ ಹೆಚ್ಚಿಗೆ ಇಟ್ಟುಕೊಳ್ಳಿ.

ಅಡಿಕೆ ಸಾಲು

ಶಿರಸಿಯವರೇ, ಆ ದೋಟಿ ಯಾವುದು? ಅರುವತ್ತು ಅಡಿಯಲ್ಲಿ ತುದಿ ಬಳುಕುವುದಿಲ್ಲವೇ?

ಶಿರಸಿ ತೋಟ

ಬಳುಕುತ್ತದೆ. ಅಭ್ಯಾಸವಾಗಬೇಕು, ಗಾಳಿ ಇರಬಾರದು. ಹೊಸಬರು ಮೊದಲು ನಲವತ್ತು ಅಡಿಯಲ್ಲಿ ಕೈ ಪಳಗಿಸಿಕೊಳ್ಳಬೇಕು. ಹತ್ತಿರದಲ್ಲಿ ವಿದ್ಯುತ್ ತಂತಿ ಇದ್ದರೆ ದೋಟಿ ಎತ್ತಲೇಬೇಡಿ, ಕಾರ್ಬನ್ ಫೈಬರ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಇದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ.

ಅಡಿಕೆ ಸಾಲು

ಹೇಗೂ ಮಾತು ಬಂತು, ಕೇಳಿಬಿಡುತ್ತೇನೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಡ್ರೋನ್ ಬಳಸಿದವರು ಇದ್ದೀರಾ? ಮರ ಹತ್ತುವವರು ಸಿಗುತ್ತಿಲ್ಲ. ಮಳೆ ಹಿಡಿಯುವ ಮುನ್ನ ಒಂದು, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ ಹೊಡೆಯದಿದ್ದರೆ ಕೊಯ್ಲಿಗೆ ಏನೂ ಉಳಿಯುವುದಿಲ್ಲ.

ಶಿರಸಿ ತೋಟ

ನಮ್ಮ ಕಡೆ ಪ್ರಯೋಗ ಮಾಡಿದ್ದಾರೆ. ನನ್ನ ಅನುಮಾನ ಒಂದೇ. ಅಡಿಕೆ ಗೊನೆ ಇರುವುದು ಹೆಡೆಯ ಕೆಳಗೆ, ಡ್ರೋನ್ ಹೊಡೆಯುವುದು ಮೇಲಿನಿಂದ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕಿ ಮಾಡಿದ ದ್ರಾವಣ ಹೆಡೆಗೆಲ್ಲ ಚೆನ್ನಾಗಿ ಬಳಿಯುತ್ತದೆ. ಕಾಯಿಗೆ ಎಷ್ಟು ತಲುಪುತ್ತದೆ ಎನ್ನುವುದೇ ಪ್ರಶ್ನೆ. ಮರದ ಮೇಲೆ ಕುಳಿತವನು ಗೊನೆಯ ಹಿಂಬದಿಗೂ ಕೈ ಹಾಕಿ ಹೊಡೆಯುತ್ತಾನೆ. ಹತ್ತು ಲೀಟರ್ ಟ್ಯಾಂಕಿನ ಡ್ರೋನ್ ಎಷ್ಟು ಸಲ ಇಳಿದು ತುಂಬಿಸಿಕೊಂಡು ಹೋಗಬೇಕು, ಅದನ್ನೂ ಲೆಕ್ಕ ಹಾಕಿ. ಭತ್ತಕ್ಕೆ, ಜೋಳಕ್ಕೆ ಚೆನ್ನಾಗಿದೆ. ಅಡಿಕೆಗೆ ಇನ್ನೂ ಕಾಯಬೇಕು ಎನಿಸುತ್ತದೆ.

ನಕ್ಷೆಗಾರ

ಸಿಂಪಡಣೆಯ ಡ್ರೋನ್‌ಗಳು ಬೇರೆಯೇ ವರ್ಗ. ಅವುಗಳಿಗೆ ಪೈಲಟ್ ಪ್ರಮಾಣಪತ್ರ ಬೇಕೇ ಬೇಕು. ಕೇಂದ್ರದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಗುರಿ ಇದೆ. ಖರೀದಿಗೆ 80% ನೆರವು, ಗರಿಷ್ಠ 8 ಲಕ್ಷ ರೂಪಾಯಿ. ನಿಮ್ಮ ಊರಿನ ಸಂಘದವರನ್ನು ವಿಚಾರಿಸಿ.

ನಿರ್ವಾಹಕರು

ಅಡಿಕೆ ಸಿಂಪಡಣೆಯ ಚರ್ಚೆಗೆ ಕೃಷಿ ವಿಭಾಗದಲ್ಲಿ ಹೊಸ ಎಳೆ ತೆರೆಯಿರಿ, ದಯವಿಟ್ಟು. ಇಲ್ಲಿ ಹವ್ಯಾಸದ ಮಾತು ಮುಂದುವರಿಯಲಿ.

ಅಂಗಳದ ಅಕ್ಕ

ಹವ್ಯಾಸದ ಮಾತು ಎಂದಿರಿ, ಹಾಗಾದರೆ ಕೆಳಗೆ ಇರುವವರ ಮಾತನ್ನೂ ಕೇಳಿ.

ನಮ್ಮ ಮನೆಯ ಹಿತ್ತಲಿನಲ್ಲಿ ಬಚ್ಚಲಿನ ಹಂಡೆ ಒಲೆ ಇದೆ, ಬಟ್ಟೆ ಒಗೆಯುವ ಕಲ್ಲು ಇದೆ. ಬೆಳಿಗ್ಗೆ ನಾನು, ನನ್ನ ಸೊಸೆ ಅಲ್ಲಿಯೇ ಕೆಲಸ ಮಾಡುತ್ತಿರುತ್ತೇವೆ. ಒಂದು ದಿನ ಜೇನುಹುಳದ ಹಾಗೆ ಸದ್ದು. ತಲೆ ಎತ್ತಿದರೆ ತೆಂಗಿನ ಮರದ ಎತ್ತರದಲ್ಲಿ ಒಂದು ಡ್ರೋನ್ ನಿಂತಿದೆ. ಮುಂದೆಯೂ ಹೋಗುತ್ತಿಲ್ಲ, ಹಿಂದೆಯೂ ಹೋಗುತ್ತಿಲ್ಲ. ಯಾರದು, ಎಲ್ಲಿಂದ ಬಂತು, ಏನು ಚಿತ್ರ ತೆಗೆಯುತ್ತಿದೆ, ಕೇಳುವುದು ಯಾರನ್ನು? ಸೊಸೆ ಸೆರಗು ಹೊದ್ದುಕೊಂಡು ಒಳಗೆ ಓಡಿದಳು. ಮತ್ತೆ ಎಷ್ಟೋ ದಿನ ಹಿತ್ತಲಿಗೆ ಹೋಗಲು ಹಿಂಜರಿಯುತ್ತಿದ್ದಳು.

ಹಾರಿಸಿದವರು ಪಕ್ಕದ ಗುಡ್ಡಕ್ಕೆ ಬಂದ ಪ್ರವಾಸಿಗಳಂತೆ, ತೆಗೆದದ್ದು ಹೆಂಚಿನ ಮನೆಯ ಚಂದವಂತೆ. ಇರಬಹುದು. ಆದರೆ ನಮಗೆ ಅದು ಗೊತ್ತಾಗುವುದು ಹೇಗೆ? ಊರಿಗೆ ಬಂದವರು ನಾಲ್ಕು ಹೆಜ್ಜೆ ನಡೆದು ಬಂದು 'ಅಕ್ಕಾ, ಇಲ್ಲೊಂದು ಚಿತ್ರ ತೆಗೆಯುತ್ತೇವೆ' ಎಂದಿದ್ದರೆ ನಾನೇ ಮಜ್ಜಿಗೆ ಕೊಟ್ಟು ಕೂರಿಸುತ್ತಿದ್ದೆ.

ಚಾರಣಿಗ, ಹಾಸನ

ಅಕ್ಕಾ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನಾವು ಯಾವ ಊರಿಗೆ ಹೋದರೂ ಮೊದಲು ಹತ್ತಿರದ ಮನೆಗೆ ಹೋಗಿ ಹೇಳುತ್ತೇವೆ, ಆಮೇಲೆಯೇ ಪೆಟ್ಟಿಗೆ ತೆರೆಯುವುದು. ಮಕ್ಕಳಿಗೆ ಪರದೆಯಲ್ಲಿ ಅವರ ಮನೆಯನ್ನು ತೋರಿಸಿದರೆ ಊರಿಗೆ ಊರೇ ನಮ್ಮ ಪರವಾಗುತ್ತದೆ.

ನಕ್ಷೆಗಾರ

ಕಾನೂನಿನ ಮಾತೂ ಗೊತ್ತಿರಲಿ. ಮಹಿಳೆಯರ ಖಾಸಗಿ ಕ್ಷಣಗಳನ್ನು ಕದ್ದು ನೋಡುವುದು, ಚಿತ್ರಿಸುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 77ರಡಿ ಅಪರಾಧ. ಕ್ಯಾಮೆರಾ ಕೈಯಲ್ಲಿದ್ದರೂ ಅಷ್ಟೇ, ಆಕಾಶದಲ್ಲಿದ್ದರೂ ಅಷ್ಟೇ.

ಒಂಟಿ ಪಯಣಿಗ

ಅಕ್ಕನವರ ಮಾತನ್ನು ಒಪ್ಪುತ್ತೇನೆ, ಮನೆಗಳ ಮೇಲೆ ನಿಲ್ಲಿಸಬಾರದು. ಆದರೆ ಎಲ್ಲ ಕಡೆಯೂ ಕೇಳುತ್ತ ಹೋದರೆ ಬೆಳಗಿನ ಬೆಳಕು ಮುಗಿದುಹೋಗುತ್ತದೆ. ಒಳ್ಳೆಯ ಬೆಳಕು ಇರುವುದೇ ಅರ್ಧ ಗಂಟೆ.

ಅಂಗಳದ ಅಕ್ಕ

ಬೆಳಕು ನಾಳೆಯೂ ಬರುತ್ತದೆ ತಮ್ಮಾ.

ರೆಕ್ಕೆಪುಕ್ಕ

ಹಕ್ಕಿ ನೋಡುವವನಾಗಿ ಒಂದು ಕಳಕಳಿ. ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ಬೇಸಿಗೆಯಲ್ಲಿ ರಿವರ್ ಟರ್ನ್ ಹಕ್ಕಿಗಳು ನೆಲದ ಮೇಲೆಯೇ ಮೊಟ್ಟೆ ಇಡುತ್ತವೆ. ಮೇಲೆ ಯಾವುದೋ ಹಾರುವ ವಸ್ತು ಬಂದರೆ ಇಡೀ ಹಿಂಡು ಎದ್ದುಬಿಡುತ್ತದೆ. ಆ ಬಿಸಿಲಿನಲ್ಲಿ ಮೊಟ್ಟೆ, ಮರಿ ನೆರಳಿಲ್ಲದೆ ಉಳಿಯುತ್ತವೆ. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ವನ್ಯಧಾಮವೆಂದು ಘೋಷಿಸಿದರು. ಉದ್ದಕೊಕ್ಕಿನ ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಒಂದು ವಿಡಿಯೊಗಾಗಿ ಆ ಬಂಡೆಯ ಹತ್ತಿರ ಡ್ರೋನ್ ಒಯ್ಯಬೇಕೆನ್ನುವವರನ್ನು ನಾನು ಹವ್ಯಾಸಿ ಎಂದು ಕರೆಯಲಾರೆ.

ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಲ್ಲಿ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಹಿನ್ನೀರಿನವರೇ, ಶರಾವತಿ ಹಿನ್ನೀರಿನ ಸುತ್ತ ಸಿಂಗಳೀಕ ಅಭಯಾರಣ್ಯದ ಕಾಡೂ ಸೇರಿಕೊಂಡಿದೆ. ಸೇತುವೆಯ ಆಸೆ ಇದ್ದರೆ ಮೊದಲು ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಹೋಗಿ ನೀವು ನಿಲ್ಲುವ ಜಾಗ ಯಾವ ಗಡಿಯಲ್ಲಿದೆ ಎಂದು ಕೇಳಿ. ನಕ್ಷೆ ಹಸಿರು ತೋರಿಸಿದರೂ ಅದು ವಿಮಾನದ ಲೆಕ್ಕ, ಕಾಡಿನ ಲೆಕ್ಕವಲ್ಲ.

ಚಾರಣಿಗ, ಹಾಸನ

ಹಂಪಿಯ ಲೆಕ್ಕವೂ ಬೇರೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅವರ ಅನುಮತಿ ಬೇಕು. ಬೇಲೂರು, ಹಳೇಬೀಡು, ಪಟ್ಟದಕಲ್ಲು ಎಲ್ಲ ಅದೇ.

ಹಿನ್ನೀರಿನವ

ರೆಕ್ಕೆಪುಕ್ಕದವರಿಗೆ ತುಂಬಾ ಧನ್ಯವಾದ. ಇದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಹದ್ದುಗಳು ಡ್ರೋನ್ ಮೇಲೆ ಎರಗುತ್ತವೆ ಎನ್ನುತ್ತಾರೆ, ನಿಜವೇ?

ರೆಕ್ಕೆಪುಕ್ಕ

ನಿಜ. ಹದ್ದು, ಗರುಡ ಎರಡೂ ತಮ್ಮ ಜಾಗಕ್ಕೆ ಯಾರೋ ಬಂದರೆಂದು ಓಡಿಸಲು ಬರುತ್ತವೆ. ಮರಿ ಮಾಡುವ ಕಾಲದಲ್ಲಿ ಇನ್ನೂ ಹೆಚ್ಚು. ಸುತ್ತು ಹಾಕಲು ಶುರು ಮಾಡಿದರೆ ಅದೇ ಎಚ್ಚರಿಕೆ. ಕೂಡಲೇ ದೂರ ಸರಿದು ಇಳಿಸಿ, ಅವತ್ತಿಗೆ ಆ ಜಾಗ ಬಿಟ್ಟುಬಿಡಿ. ಎರಗಿಯೇಬಿಟ್ಟರೆ ನೇರ ಮೇಲಕ್ಕೆ ಏರಿಸುವುದು ಒಳ್ಳೆಯದು. ಹಕ್ಕಿಗಳು ಮೇಲಿನಿಂದ ಕೆಳಕ್ಕೆ ಎರಗುವಷ್ಟು ಸುಲಭವಾಗಿ ನೆಟ್ಟಗೆ ಮೇಲೇರಲಾರವು. ಇಲ್ಲಿಯೂ ಮೊದಲು ಕಂಡುಹಿಡಿಯುವವನು ಆಕಾಶ ನೋಡುತ್ತಿರುವ ಗೆಳೆಯನೇ. ಪರದೆಯಲ್ಲಿ ಹಿಂದಿನಿಂದ ಬರುವ ಹದ್ದು ಕಾಣುವುದಿಲ್ಲ.

ಮದುವೆ ಮನೆ ಕ್ಯಾಮೆರಾ

ನಾನು ವೃತ್ತಿಯವನು, ಪ್ರಮಾಣಪತ್ರ ಇದೆ. ಹವ್ಯಾಸಿಗಳಿಗೆ ಒಂದು ಎಚ್ಚರಿಕೆ: ತೂಕದ ಲೆಕ್ಕ ಡಬ್ಬದ ಮೇಲೆ ಬರೆದದ್ದಲ್ಲ, ಹಾರುವಾಗ ಇರುವ ತೂಕ. 249 ಗ್ರಾಂನ ಮಿನಿ ಡ್ರೋನ್‌ಗೆ ಹೆಚ್ಚು ಹೊತ್ತು ಹಾರುವ ದೊಡ್ಡ ಬ್ಯಾಟರಿ ಹಾಕಿದರೆ 290ರ ಹತ್ತಿರ ಹೋಗುತ್ತದೆ. ರೆಕ್ಕೆಗೆ ರಕ್ಷಾಕವಚ ಹಾಕಿದರೂ 250 ದಾಟುತ್ತದೆ. ಆಗ ಅದು ನ್ಯಾನೋ ಅಲ್ಲ, ಮೈಕ್ರೋ. ಮೈಕ್ರೋಗೆ ಮೂರನೆಯವರ ವಿಮೆ ಕಡ್ಡಾಯ, ಯುಐಎನ್ (ಪ್ರತಿ ಡ್ರೋನ್‌ಗೂ ಕೊಡುವ ಗುರುತಿನ ಸಂಖ್ಯೆ) ನೋಂದಣಿ ಬೇಕು. ಗೆಳೆಯನ ತಂಗಿಯ ಮದುವೆಗೆ ಹಣ ತೆಗೆದುಕೊಂಡು ಮೈಕ್ರೋ ಹಾರಿಸಿದರೆ ಪೈಲಟ್ ಪ್ರಮಾಣಪತ್ರವೂ ಬೇಕು.

ಇನ್ನೊಂದು. ಮದುವೆಯಲ್ಲಿ ಜನರ ತಲೆಯ ಮೇಲೆ ಹಾರಿಸು ಎಂದು ಕೇಳುವವರೇ ಹೆಚ್ಚು. ನಾನು ಒಪ್ಪುವುದಿಲ್ಲ. ಚಪ್ಪರದ ಪಕ್ಕದ ಬಯಲಿನಿಂದ ಓರೆಯಾಗಿ ತೆಗೆಯುತ್ತೇನೆ. ಅದರಿಂದ ಕೆಲಸ ಕೈತಪ್ಪಿದ್ದೂ ಉಂಟು, ಆದರೂ ಒಪ್ಪುವುದಿಲ್ಲ.

ಹಿನ್ನೀರಿನವ

ಸರ್, ಹೊರದೇಶದಲ್ಲಿರುವ ಸಂಬಂಧಿಕರ ಕೈಯಲ್ಲಿ ತರಿಸಿದರೆ ಅಗ್ಗ ಎನ್ನುತ್ತಾರೆ. ತರಿಸಬಹುದೇ?

ಮದುವೆ ಮನೆ ಕ್ಯಾಮೆರಾ

ಬೇಡವೇ ಬೇಡ. 2022ರ ಫೆಬ್ರವರಿ 9ರಿಂದ ಸಿದ್ಧ ಡ್ರೋನ್‌ಗಳ ಆಮದಿಗೆ ನಿಷೇಧ ಇದೆ. ಬಿಡಿಭಾಗಗಳಾಗಿ ಕಳಚಿದ ಪೂರ್ತಿ ಡ್ರೋನ್ ತಂದರೂ ನಿಷೇಧವೇ. ಸಂಶೋಧನೆ, ರಕ್ಷಣೆಯಂಥ ಉದ್ದೇಶಗಳಿಗೆ ಮಾತ್ರ ವಿನಾಯಿತಿ. ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಕಿತ್ತುಕೊಂಡರೆ ಹಣವೂ ಹೋಯಿತು, ಸಂಬಂಧಿಕರಿಗೂ ಮುಜುಗರ. 2025ರ ಸೆಪ್ಟೆಂಬರ್ 22ರಿಂದ ಡ್ರೋನ್ ಮೇಲಿನ ಜಿಎಸ್‌ಟಿ 5%ಗೆ ಇಳಿದಿದೆ. ಇಲ್ಲಿಯೇ ಬಿಲ್ ಸಮೇತ ಕೊಳ್ಳಿ.

ಡಲ್ಲಾಸ್ ಕನ್ನಡತಿ

ಇದನ್ನು ನಾನೂ ಅನುಮೋದಿಸುತ್ತೇನೆ, ಊರಿನಿಂದ ಬರುವ ಪ್ರತಿ ಕರೆಯಲ್ಲೂ ಯಾರಾದರೊಬ್ಬರು ಡ್ರೋನ್ ತರಲು ಕೇಳುತ್ತಾರೆ!

ಇಲ್ಲಿ ಅಮೆರಿಕದಲ್ಲಿ ಹವ್ಯಾಸಿಗಳೆಲ್ಲರೂ ಟ್ರಸ್ಟ್ ಎನ್ನುವ ಸಣ್ಣ ಪರೀಕ್ಷೆ ಬರೆಯಬೇಕು. ಶುಲ್ಕವಿಲ್ಲ, ಮನೆಯಲ್ಲೇ ಕುಳಿತು ಬರೆಯಬಹುದು. ಎತ್ತರದ ಮಿತಿ ಇಲ್ಲಿಯೂ 400 ಅಡಿಯೇ. ನಮ್ಮ ಕನ್ನಡ ಬಳಗದ ಮೂರು ಮನೆಯವರು ಮಕ್ಕಳೊಂದಿಗೆ ಸೇರಿ ಹಾರಿಸುತ್ತೇವೆ. ಆಕಾಶ ನೋಡುವ ಕೆಲಸ ಮಕ್ಕಳದು. ನನ್ನ ಮಗಳಿಗೆ ಹಾರಿಸುವುದಕ್ಕಿಂತ ಆ ಕೆಲಸವೇ ಇಷ್ಟ, ದೊಡ್ಡವರಿಗೆ ಅಪ್ಪಣೆ ಮಾಡಬಹುದಲ್ಲ ಎನ್ನುತ್ತಾಳೆ.

ಬೆಸುಗೆ ಕಡ್ಡಿ

ಬಿಡಿಭಾಗಗಳ ಆಮದಿಗೆ ನಿಷೇಧವಿಲ್ಲ, ಹಾಗಾಗಿ ಎಫ್‌ಪಿವಿ, ಅಂದರೆ ಡ್ರೋನ್ ಕ್ಯಾಮೆರಾ ಕಾಣುವುದನ್ನೇ ಪರದೆಯಿರುವ ಕನ್ನಡಕದಲ್ಲಿ ನೋಡುತ್ತ ಹಾರಿಸುವ ಡ್ರೋನ್, ಕಟ್ಟುವವರಿಗೆ ದಾರಿ ತೆರೆದಿದೆ. ಹಿನ್ನೀರಿನವರ ಐವರಲ್ಲಿ ಯಾರಿಗಾದರೂ ಬೆಸುಗೆ ಹಾಕುವ ಕೈ ಇದ್ದರೆ ಇದನ್ನೂ ಯೋಚಿಸಿ. ನಾವು ಮೂವರು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಲೆದು ತಂತಿ, ಕನೆಕ್ಟರ್, ಕೆಪಾಸಿಟರ್ ಕೊಂಡು, ಮೋಟಾರು ಮತ್ತು ಫ್ಲೈಟ್ ಕಂಟ್ರೋಲರನ್ನು ಆನ್‌ಲೈನ್‌ನಲ್ಲಿ ತರಿಸಿ ಕಟ್ಟಿದ್ದೇವೆ. ಒಳಗೆ ಓಡುವುದು ಬೀಟಾಫ್ಲೈಟ್, ಯಾರು ಬೇಕಾದರೂ ತೆರೆದು ನೋಡಬಹುದಾದ ತಂತ್ರಾಂಶ.

ಮೊದಲ ಸಲ ವಿದ್ಯುತ್ ಕೊಡುವ ಮುನ್ನ ಮಲ್ಟಿಮೀಟರ್ ಅನ್ನು ಬೀಪ್ ಸ್ಥಾನದಲ್ಲಿಟ್ಟು ಧನ, ಋಣ ಎರಡೂ ಬಿಂದುಗಳಿಗೆ ಕಡ್ಡಿ ತಾಗಿಸಿ. ಬೀಪ್ ನಿಲ್ಲದೆ ಬಂದರೆ ಎಲ್ಲೋ ಬೆಸುಗೆ ಹರಿದು ಕೂಡಿಕೊಂಡಿದೆ ಎಂದರ್ಥ. ಆಗ ಬ್ಯಾಟರಿ ಜೋಡಿಸಿದರೆ ಹೊಗೆ ಬಂದು ಎಲ್ಲವೂ ಮುಗಿಯುತ್ತದೆ. ರೆಕ್ಕೆಗಳನ್ನು ಮೋಟಾರಿಗೆ ಹಾಕುವುದು ಕಟ್ಟಕಡೆಯ ಕೆಲಸ, ಮೇಜಿನ ಮೇಲೆ ಪರೀಕ್ಷೆ ಮಾಡುವಾಗ ರೆಕ್ಕೆ ಇರಲೇಬಾರದು. ಕಂಪ್ಯೂಟರ್‌ನಲ್ಲಿ ಸಿಮ್ಯುಲೇಟರ್ ಹಾಕಿಕೊಂಡು ಕೈ ಕುದುರಿದ ಮೇಲೆಯೇ ಬಯಲಿಗೆ ಬನ್ನಿ.

ಕನ್ನಡಕ ಹಾಕಿಕೊಂಡ ಮೇಲೆ ಹಾರಿಸುವವನಿಗೆ ಹೊರಜಗತ್ತು ಕಾಣುವುದೇ ಇಲ್ಲ. ಪಕ್ಕದಲ್ಲಿ ಗೆಳೆಯ ಇಲ್ಲದೆ ಎಫ್‌ಪಿವಿ ಹಾರಿಸಲೇಬಾರದು. ಒಂಟಿ ಪಯಣಿಗರೇ, ಇದಕ್ಕೆ ಏನು ಹೇಳುತ್ತೀರಿ?

ಒಂಟಿ ಪಯಣಿಗ

ಎಫ್‌ಪಿವಿಗೆ ಒಪ್ಪುತ್ತೇನೆ. ಸಾಮಾನ್ಯ ಕ್ಯಾಮೆರಾ ಡ್ರೋನ್‌ಗೆ ಈಗಲೂ ಒಪ್ಪುವುದಿಲ್ಲ. ಗುಂಪಿನಲ್ಲಿ ಹಾರಿಸಿದರೆ ಮಾತು ಹೆಚ್ಚು, ಗಮನ ಕಡಿಮೆ. ನಾಲ್ಕು ಜನ ನಾಲ್ಕು ಕಡೆ ತೋರಿಸುತ್ತಾರೆ. ಬೆಟ್ಟದ ತುದಿಯಲ್ಲಿ ಒಬ್ಬನೇ ನಿಂತು ಹಾರಿಸುವಾಗ ಸಿಗುವ ಏಕಾಗ್ರತೆ ಗುಂಪಿನಲ್ಲಿ ಸಿಗುವುದಿಲ್ಲ. ಇದು ಅನುಭವದ ಮಾತು.

ಚಾರಣಿಗ, ಹಾಸನ

ನಾಲ್ಕು ಜನ ಮಾತಾಡುವುದು ತಪ್ಪು, ಅದನ್ನು ಒಪ್ಪಿದೆ. ಅದಕ್ಕೇ ಹೇಳಿದ್ದು, ಮಾತಾಡುವವನು ಒಬ್ಬನೇ ಇರಬೇಕು ಎಂದು.

ಬೆಟ್ಟದ ತುದಿ ಎಂದಿರಿ, ಹಾಗಾಗಿ ಒಂದು ವಿಷಯ. ಪರದೆಯಲ್ಲಿ ಕಾಣುವ ಎತ್ತರ ಡ್ರೋನ್ ಎದ್ದ ಜಾಗದಿಂದ ಲೆಕ್ಕ. ಬೆಟ್ಟದ ಮೇಲಿಂದ ಎಬ್ಬಿಸಿ ಕಣಿವೆಯ ಕಡೆ ಹೋದರೆ ಪರದೆ ಹತ್ತು ಮೀಟರ್ ಎಂದು ತೋರಿಸುತ್ತಿರುತ್ತದೆ, ನಿಜವಾಗಿ ಕೆಳಗಿನ ನೆಲದಿಂದ ಮುನ್ನೂರು ಮೀಟರ್ ಮೇಲಿರುತ್ತೀರಿ. 120 ಮೀಟರ್ ಎನ್ನುವುದು ನೆಲದಿಂದ. ಕಣಿವೆಯಲ್ಲಿ ನಿಂತು ಎಬ್ಬಿಸಿದರೆ ಇದು ತಿರುಗುಮುರುಗು: ಗುಡ್ಡದ ಇಳಿಜಾರು ಎದುರು ಬಂದು ನಿಲ್ಲುತ್ತದೆ, ಪರದೆಯಲ್ಲಿ ಎತ್ತರ ಬದಲಾಗುವುದೇ ಇಲ್ಲ. ಗುಡ್ಡದ ಹಿಂದಕ್ಕೆ ಹೋದರೆ ಸಿಗ್ನಲ್ ಸತ್ತಂತೆಯೇ.

ಗಾಳಿಯೂ ಹಾಗೆಯೇ. ಈ ಸಣ್ಣ ಡ್ರೋನ್‌ಗಳು ಸೆಕೆಂಡಿಗೆ 10.7 ಮೀಟರ್ ಗಾಳಿಯನ್ನು ತಡೆಯುತ್ತವೆ ಎಂದು ಬರೆದಿರುತ್ತಾರೆ, ಅಂದರೆ ಗಂಟೆಗೆ ಸುಮಾರು 38 ಕಿ.ಮೀ. ನೀವು ನಿಂತ ಜಾಗದಲ್ಲಿ ಹುಲ್ಲೂ ಅಲುಗದಿದ್ದರೂ ಶಿಖರದ ಮೇಲೆ ಅದಕ್ಕಿಂತ ಜೋರು ಗಾಳಿ ಇರಬಹುದು. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಗಾಳಿಯ ಜೊತೆ ಬನ್ನಿ. ಬ್ಯಾಟರಿ ಅರ್ಧಕ್ಕೆ ಬಂದಾಗ ಮುಖ ಮನೆಯ ಕಡೆ ಇರಬೇಕು.

ಅಡಿಕೆ ಸಾಲು

ಬ್ಯಾಟರಿ ಉಬ್ಬಿದರೆ ಚುಚ್ಚಿ ಗಾಳಿ ತೆಗೆಯಬಹುದು ಎಂದು ಯಾರೋ ಹೇಳಿದ್ದರು. ಹೌದೇ?

ಬೆಸುಗೆ ಕಡ್ಡಿ

ಅಯ್ಯೋ, ಎಂದಿಗೂ ಬೇಡ! ಚುಚ್ಚಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಬೇಡಿ. ಹೊರಗೆ ಮರಳು ತುಂಬಿದ ಡಬ್ಬಿಯಲ್ಲಿಟ್ಟು ಇ-ತ್ಯಾಜ್ಯ ಪಡೆಯುವವರಿಗೆ ಕೊಡಿ.

ಉಬ್ಬದಂತೆ ನೋಡಿಕೊಳ್ಳುವುದು ಹೀಗೆ: ಲಿಥಿಯಂ ಪಾಲಿಮರ್ ಕೋಶ ಪೂರ್ತಿ ತುಂಬಿದಾಗ 4.2 ವೋಲ್ಟ್ ಇರುತ್ತದೆ. ವಾರಗಟ್ಟಲೆ ಹಾಗೆಯೇ ಇಟ್ಟರೆ ಹಾಳಾಗುತ್ತದೆ. ಮುಂದಿನ ವಾರ ಹಾರಿಸುವುದಿಲ್ಲ ಎಂದಾದರೆ 3.8 ವೋಲ್ಟ್ ಸುಮಾರಿಗೆ ಇಳಿಸಿ ತಂಪಾದ ಜಾಗದಲ್ಲಿಡಿ. ಹಾರಿಸಿ ಇಳಿಸಿದ ತಕ್ಷಣ ಬಿಸಿಯಾಗಿರುವಾಗಲೇ ಚಾರ್ಜ್‌ಗೆ ಹಾಕಬೇಡಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ.

ಡಲ್ಲಾಸ್ ಕನ್ನಡತಿ

ವಿಮಾನದಲ್ಲಿ ಒಯ್ಯುವುದಾದರೆ ಬಿಡಿ ಬ್ಯಾಟರಿ ಕೈಚೀಲದಲ್ಲಿ ಮಾತ್ರ. 100 ವ್ಯಾಟ್-ಅವರ್ ಒಳಗಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ತುದಿಗಳಿಗೆ ಟೇಪ್ ಅಂಟಿಸಿ.

ನಕ್ಷೆಗಾರ

ಇನ್ನೊಂದು ಮಾತು ಉಳಿದಿತ್ತು. ಕಾರಿನ ಬಾನೆಟ್ ಮೇಲಿಂದ, ಕಬ್ಬಿಣದ ಸರಳು ಹಾಕಿದ ಆರ್‌ಸಿಸಿ ತಾರಸಿಯ ಮೇಲಿಂದ ಡ್ರೋನ್ ಎಬ್ಬಿಸಬೇಡಿ. ದಿಕ್ಸೂಚಿ ತಪ್ಪುತ್ತದೆ, ಎದ್ದ ಮೇಲೆ ಎತ್ತಲೋ ಓಡುತ್ತದೆ. ಮಣ್ಣಿನ ನೆಲದ ಮೇಲೆ ಒಂದು ರಟ್ಟು ಹಾಸಿಕೊಂಡರೆ ಸಾಕು.

ಶಿರಸಿ ತೋಟ

ಅಡಿಕೆ ಹಾಳೆ ಹಾಸಿ. ಧೂಳೂ ಏಳುವುದಿಲ್ಲ.

ಹಿನ್ನೀರಿನವ

ನಿನ್ನೆ ಸಂಜೆ ಐವರೂ ಮೆಡಿಕಲ್ ಅಂಗಡಿಯಲ್ಲಿ ಕುಳಿತು ಈ ಎಲ್ಲ ಉತ್ತರಗಳನ್ನು ಜೋರಾಗಿ ಓದಿದೆವು. ತೀರ್ಮಾನ ಹೀಗಾಗಿದೆ. 250 ಗ್ರಾಂ ಒಳಗಿನದನ್ನೇ ಇಲ್ಲಿ ಬಿಲ್ ಸಮೇತ ಕೊಳ್ಳುತ್ತೇವೆ. ದೊಡ್ಡ ಬ್ಯಾಟರಿ ಬೇಡ, ಸಣ್ಣವೇ ಮೂರು. ಒಂದು ಬ್ಯಾಟರಿಗೆ ಒಬ್ಬ ಹಾರಿಸುತ್ತಾನೆ, ಒಬ್ಬ ಆಕಾಶ ನೋಡುತ್ತಾನೆ, ಉಳಿದವರು ಹಿಂದೆ. ಈ ವಾರ ಹಾರಿಸಲು ಸಿಗದ ಇಬ್ಬರಿಗೆ ಮುಂದಿನ ವಾರ ಮೊದಲ ಪಾಳಿ. ಮುರಿದರೆ ಖರ್ಚು ಐದು ಪಾಲು, ಯಾರ ಕೈಯಲ್ಲಿದ್ದರೂ. ಈ ಕೊನೆಯ ಷರತ್ತಿಗೆ ತೋಟದವನು ಮೊದಲು ಒಪ್ಪಲಿಲ್ಲ, ಹಾರಿಸಿದವನೇ ಕೊಡಬೇಕು ಎಂದ.

ಸೇತುವೆಗೆ ಅರಣ್ಯ ಕಚೇರಿಯಲ್ಲಿ ಕೇಳಿದ ಮೇಲೆಯೇ. ಅಲ್ಲಿಯ ತನಕ ನಮ್ಮ ಗದ್ದೆಬಯಲು ಸಾಕು, ಸುತ್ತಲಿನ ಮೂರು ಮನೆಗಳಿಗೆ ಹೇಳಿಯಾಗಿದೆ.

ಚಾರಣಿಗ, ಹಾಸನ

ಖರ್ಚು ಐದು ಪಾಲು ಎನ್ನುವುದು ಬಹಳ ಸರಿಯಾದ ತೀರ್ಮಾನ. ಹಾರಿಸಿದವನೇ ಕೊಡಬೇಕು ಎಂದರೆ ನೋಡುವವನು ಮೈಮರೆಯುತ್ತಾನೆ, ಹಾರಿಸುವವನು ಹೆದರುತ್ತಾನೆ. ನಿಮ್ಮ ತೋಟದ ಗೆಳೆಯರಿಗೆ ಇದನ್ನು ಹೇಳಿ.

ಒಂಟಿ ಪಯಣಿಗ

ಡಿಸೆಂಬರ್‌ನಲ್ಲಿ ಜೋಗದ ಕಡೆ ಬರುತ್ತಿದ್ದೇನೆ. ನಿಮ್ಮ ಗದ್ದೆಬಯಲಿಗೆ ಬರಬಹುದೇ? ನನ್ನ ಡ್ರೋನ್ ತರುತ್ತೇನೆ.

ಹಿನ್ನೀರಿನವ

ಖಂಡಿತ ಬನ್ನಿ ಅಣ್ಣ. ಮಂಜು ಬಿಡುವುದು ಒಂಬತ್ತರ ಮೇಲೆ, ಅವಸರ ಬೇಡ, ತಿಂಡಿ ನಮ್ಮಲ್ಲಿಯೇ. ನಿಮ್ಮ ಡ್ರೋನ್ ಎದ್ದಾಗ ಆಕಾಶ ನೋಡಲು ಮೇಷ್ಟ್ರು ಈಗಲೇ ಹೆಸರು ಕೊಟ್ಟಿದ್ದಾರೆ.